ಜಿಮ್‌ಗೆ ಹೋದಷ್ಟೂ ಸುಸ್ತು ಜಾಸ್ತಿ ಆಗ್ತಿದೆಯಾ? ಕಾರಣ ಹುಡುಕುವುದು ಹೀಗೆ

ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮಂಚದ ತುದಿಯಲ್ಲಿ ಸುಮ್ನೆ ಕೂತುಬಿಟ್ಟಿದ್ದೆ. ಹತ್ತು ನಿಮಿಷ. ಲೇಸ್ ಕಟ್ಟಲೂ ಮನಸ್ಸಿಲ್ಲ, ಎದ್ದು ಹೋಗಿ ಮಲಗಲೂ ಮನಸ್ಸಿಲ್ಲ. ಆಗ ನಾನು ಜಿಮ್‌ಗೆ ಸೇರಿ ಐದು ತಿಂಗಳಾಗಿತ್ತು. ವಾರಕ್ಕೆ ಆರು ದಿನ ತಪ್ಪದೆ ಹೋಗುತ್ತಿದ್ದೆ, ಊಟ ಕಡಿಮೆ ಮಾಡಿದ್ದೆ, ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೇನೆ ಅಂತ ನಂಬಿದ್ದೆ. ಆದರೂ ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತಿತ್ತು. ಎರಡು ಮಹಡಿ ಹತ್ತಿದರೆ ತೊಡೆ ಕಲ್ಲಿನ ಹಾಗೆ ಭಾರ. ಮನೆಯವರು ಏನಾದರೂ ಕೇಳಿದರೆ ಸಿಡುಕು.

ಟ್ರೇನರ್ "ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾಡಿ, ಸರಿಹೋಗುತ್ತೆ" ಅಂದರು. ಮಾಡಿದೆ. ಇನ್ನೂ ಹದಗೆಟ್ಟಿತು.

ಕಣ್ಣು ತೆರೆಸಿದ್ದು ನನ್ನ ಬ್ಯಾಗಿನಲ್ಲಿದ್ದ ಸಣ್ಣ ನೋಟ್‌ಬುಕ್. ದಿನಾ ಎಷ್ಟು ಎತ್ತಿದೆ ಅಂತ ಅದರಲ್ಲಿ ಬರೆಯುತ್ತಿದ್ದೆ, ಆದರೆ ಹಿಂದಿನ ಪುಟ ತಿರುವಿ ನೋಡುವ ಅಭ್ಯಾಸ ಇರಲಿಲ್ಲ. ಒಂದು ದಿನ ತಿರುವಿದೆ. ಒಂದು ಪುಟದಲ್ಲಿ "ಸ್ಕ್ವಾಟ್ 60 ಕೆಜಿ: 8, 8, 8" ಅಂತಿತ್ತು, ಅಂದರೆ ಮೂರು ಸೆಟ್, ಒಂದೊಂದರಲ್ಲೂ ಎಂಟು ಸಲ. ಆರು ವಾರ ಬಿಟ್ಟು, ಅದೇ ಪೆನ್ನಿನಲ್ಲಿ, "60 ಕೆಜಿ: 8, 6, 5". ಆರು ವಾರ ಬೆವರು ಸುರಿಸಿ ನಾನು ಮೊದಲಿಗಿಂತ ದುರ್ಬಲ ಆಗಿದ್ದೆ. ಅದು ಸೋಮಾರಿತನ ಅಲ್ಲ, ಮನಸ್ಸಿನ ಬಲದ ಕೊರತೆಯೂ ಅಲ್ಲ. ದೇಹ ಎಲ್ಲೋ ಸೋರುತ್ತಿತ್ತು, ಎಲ್ಲಿ ಅಂತ ನಾನು ನೋಡಿರಲಿಲ್ಲ, ಅಷ್ಟೇ.

ವ್ಯಾಯಾಮ ಮಾಡುವಾಗ ಯಾರಿಗೂ ಶಕ್ತಿ ಬರುವುದಿಲ್ಲ. ಆಗ ಸ್ನಾಯು ಸವೆಯುತ್ತದೆ, ಕೂಡಿಟ್ಟ ಇಂಧನ ಖರ್ಚಾಗುತ್ತದೆ, ನರಗಳು ದಣಿಯುತ್ತವೆ. ಆಮೇಲಿನ ಒಂದೆರಡು ದಿನಗಳಲ್ಲಿ, ಊಟ ಮಾಡಿ ನಿದ್ದೆ ಹೊಡೆಯುವಾಗ, ದೇಹ ಅದನ್ನೆಲ್ಲ ರಿಪೇರಿ ಮಾಡಿ ಮೊದಲಿಗಿಂತ ಒಂದು ಕೈ ಗಟ್ಟಿ ಕಟ್ಟುತ್ತದೆ. ರಿಪೇರಿ ಮುಗಿಯುವ ಮೊದಲೇ ಮತ್ತೆ ಕೆಡವಿದರೆ ಏನಾಗುತ್ತದೆ ಅಂತ ನನ್ನ ನೋಟ್‌ಬುಕ್ ಹೇಳುತ್ತಿತ್ತು. ನಾನು ಆಮೇಲೆ ಏನೇನು ನೋಡಿದೆ, ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು ಅಂತ ಈಗ ಅನಿಸುತ್ತದೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇದು ಯಾವ ಥರದ ಸುಸ್ತು?

ಜಿಮ್‌ಗೆ ಹೊಸದಾಗಿ ಸೇರಿ ಇನ್ನೂ ಮೂರು ನಾಲ್ಕು ವಾರ ಆಗಿಲ್ಲ ಅಂದರೆ ಮೈಕೈ ನೋವು, ಸಂಜೆ ಬೇಗ ನಿದ್ದೆ, ಇವೆಲ್ಲ ಸಹಜ. ವ್ಯಾಯಾಮದ ಮರುದಿನ ಶುರುವಾಗುವ ನೋವು 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಎರಡನೇ ದಿನ ಮೆಟ್ಟಿಲು ಇಳಿಯುವಾಗ ಕೈಕಂಬಿ ಹಿಡಿಯಬೇಕಾದರೆ ಗಾಬರಿ ಆಗಬೇಡಿ.

ಒಳ್ಳೆಯ ಸುಸ್ತಿಗೆ ಒಂದು ಗುರುತಿದೆ. ಅದು ನಿದ್ದೆ ಮಾಡಿದರೆ ಹೋಗುತ್ತದೆ. ಕೆಟ್ಟ ಸುಸ್ತು ಹೋಗುವುದಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ಮಲಗಿಯೇ ಇಲ್ಲವೇನೋ ಅನ್ನಿಸುತ್ತದೆ. ರಾತ್ರಿ ಮೈ ದಣಿದಿದ್ದರೂ ಕಣ್ಣು ಮುಚ್ಚುವುದಿಲ್ಲ. ಹೋದ ತಿಂಗಳು ಸಲೀಸಾಗಿ ಎತ್ತುತ್ತಿದ್ದ ತೂಕ ಈಗ ಎದ್ದೇಳುವುದಿಲ್ಲ. ಹಸಿವು ಸತ್ತಿರುತ್ತದೆ, ನೆಗಡಿ ಮೇಲೆ ನೆಗಡಿ, ಚಿಕ್ಕ ಮಾತಿಗೂ ಸಿಟ್ಟು, ಜಿಮ್ ನೆನೆಸಿಕೊಂಡರೇ ಬೇಸರ. ಇದರಲ್ಲಿ ಮೂರು ನಾಲ್ಕು ನಿಮಗೆ ಹೊಂದುತ್ತವೆ, ಮತ್ತು ಎರಡು ವಾರದಿಂದ ಹಾಗೇ ಇದೆ ಅಂದರೆ ಮುಂದೆ ಓದಿ.

ಇವು ಇದ್ದರೆ ಲೇಖನ ಬಿಡಿ, ಡಾಕ್ಟರ ಹತ್ತಿರ ಹೋಗಿ

ವ್ಯಾಯಾಮದ ವೇಳೆ ಎದೆ ಹಿಡಿದ ಹಾಗಾಗುವುದು, ತಲೆ ತಿರುಗಿ ಬೀಳುವುದು, ಎದೆ ಬಡಿತ ಲಯ ತಪ್ಪುವುದು, ಮೊದಲು ಇಲ್ಲದಿದ್ದ ಏದುಸಿರು, ಪ್ರಯತ್ನವೇ ಇಲ್ಲದೆ ತೂಕ ಇಳಿಯುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಹೋಗದ ಜ್ವರ. ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಎದೆನೋವು ಬಂದು ಹೋಗುತ್ತಿದ್ದರೂ, ಈಗ ಇಲ್ಲ ಅಂದರೂ, ತೋರಿಸಿಕೊಳ್ಳಿ.

ಇನ್ನೊಂದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಜಿಮ್‌ನಲ್ಲಿ ಇದರ ಬಗ್ಗೆ ಯಾರೂ ಮಾತಾಡುವುದು ನಾನು ಕೇಳಿಲ್ಲ. ಅಭ್ಯಾಸ ಇಲ್ಲದೆ ಅಥವಾ ತುಂಬಾ ದಿನ ಬಿಟ್ಟು ಬಂದು ಒಂದೇ ದಿನ ವಿಪರೀತ ಮಾಡಿದರೆ ಸ್ನಾಯುವಿನ ಕೋಶಗಳು ಒಡೆದು ಒಳಗಿನದ್ದು ರಕ್ತಕ್ಕೆ ಸೇರಬಹುದು. ಇದಕ್ಕೆ ರಾಬ್ಡೋಮಯೊಲಿಸಿಸ್ ಅನ್ನುತ್ತಾರೆ. ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಮಾಮೂಲಿ ಮೈಕೈ ನೋವಿಗೂ ಇದಕ್ಕೂ ವ್ಯತ್ಯಾಸ ಹೀಗೆ: ನೋವು ಸಹಿಸಲಾಗದಷ್ಟು ಇರುತ್ತದೆ, ಆ ಭಾಗ ಊದಿಕೊಳ್ಳುತ್ತದೆ, ಕೈಕಾಲಲ್ಲಿ ಬಲವೇ ಇರುವುದಿಲ್ಲ, ಮೂತ್ರ ಕೋಲಾದ ಹಾಗೆ ಕಡುಕಂದು ಬಣ್ಣಕ್ಕೆ ತಿರುಗಬಹುದು. ಎಲ್ಲವೂ ಒಟ್ಟಿಗೇ ಬರಬೇಕು ಅಂತೇನಿಲ್ಲ. ಅನುಮಾನ ಬಂದರೆ ಅದೇ ದಿನ, ಅದೇ ಗಂಟೆ, ಆಸ್ಪತ್ರೆಗೆ ಹೋಗಬೇಕು.

ಒಂದು ವಾರ ಬರೆದಿಡಿ

ಸುಸ್ತಿಗೆ ಕಾರಣ ಏನು ಅಂತ ಯಾರನ್ನೇ ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ರೋಟೀನ್ ಸಾಲದು, ವಿಟಮಿನ್ ಕಡಿಮೆ, ಬೆಳಗ್ಗೆ ಮಾಡಬೇಕು, ಸಂಜೆ ಮಾಡಬೇಕು. ನಿಮ್ಮ ದೇಹದ ಲೆಕ್ಕ ನಿಮ್ಮ ಹತ್ತಿರ ಇಲ್ಲದಿದ್ದರೆ ಇದರಲ್ಲಿ ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು? ಏಳು ದಿನ ಸಾಕು. ಮಲಗಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟಕ್ಕೆ. ಏನು ತಿಂದಿರಿ. ಯಾವ ವ್ಯಾಯಾಮ, ಎಷ್ಟು ಸೆಟ್, ಎಷ್ಟು ತೂಕ. ಕಾಫಿ ಟೀ ಕೊನೆಯದಾಗಿ ಕುಡಿದದ್ದು ಎಷ್ಟು ಹೊತ್ತಿಗೆ. ದಿನದ ಕೊನೆಗೆ ಮೈ ಹೇಗಿತ್ತು ಅಂತ ಐದಕ್ಕೆ ಇಷ್ಟು ಅಂಕ.

ಜೊತೆಗೆ ಬೆಳಗಿನ ನಾಡಿ. ಎಚ್ಚರವಾದ ಮೇಲೆ, ಹಾಸಿಗೆಯಿಂದ ಏಳುವ ಮೊದಲು, ಫೋನ್ ಕೈಗೆತ್ತಿಕೊಳ್ಳುವ ಮೊದಲು. ಒಂದು ಕೈಯನ್ನು ಅಂಗೈ ಮೇಲಾಗಿ ಇಟ್ಟುಕೊಳ್ಳಿ. ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಎರಡನ್ನೂ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಸಾಲಿಗೆ, ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದಕ್ಕೆ ಅದರದ್ದೇ ಬಡಿತ ಇದೆ, ಲೆಕ್ಕ ತಪ್ಪುತ್ತದೆ. ಗಡಿಯಾರ ನೋಡಿಕೊಂಡು ಪೂರ್ತಿ 60 ಸೆಕೆಂಡ್ ಎಣಿಸಿ. ಮೊದಲ ದಿನ ಸರಿಯಾಗಿ ಸಿಗುವುದಿಲ್ಲ, ಮೂರನೇ ದಿನಕ್ಕೆ ಕೈಗೆ ಹತ್ತುತ್ತದೆ. ನಿಮ್ಮ ಮಾಮೂಲಿ ಸಂಖ್ಯೆ ಯಾವುದು ಅಂತ ಗೊತ್ತಾದ ಮೇಲೆ, ಅದಕ್ಕಿಂತ ಏಳೆಂಟು ಬಡಿತ ಜಾಸ್ತಿ ಎರಡು ಮೂರು ದಿನ ಬಿಡದೆ ಇದ್ದರೆ, ದೇಹ ಇನ್ನೂ ಚೇತರಿಸಿಕೊಂಡಿಲ್ಲ ಅಥವಾ ಜ್ವರ ನೆಗಡಿ ಏನೋ ಬರುತ್ತಿದೆ ಅಂತ ಅನುಮಾನಪಡಿ. ಇದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಅತಿಯಾದ ವ್ಯಾಯಾಮದಿಂದ ಬಳಲಿದವರಲ್ಲಿ ಕೆಲವರಿಗೆ ನಾಡಿ ಏರುವುದೇ ಇಲ್ಲ. ಅದಕ್ಕೇ ಉಳಿದ ಸಾಲುಗಳನ್ನೂ ಬರೆಯಿರಿ ಅಂತ ಹೇಳಿದ್ದು.

ಭಾರ ಇಳಿಸಿ: ಒಂದು ವಾರ ಅರ್ಧ ಮಾಡಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ, ಒಪ್ಪಿಕೊಳ್ಳಲು ಕಷ್ಟವಾಗುವುದೂ ಇದೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ಜೋರಾದದ್ದು, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ಹೇಳಿದೆ. ಎರಡು ದಿನ. ಆರು ದಿನ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿ ಹಂಚಿಕೊಂಡು ಆರು ದಿನ ಮಾಡುವವರೂ ಇದ್ದಾರೆ. ಆದರೆ ಆರೋಗ್ಯ ಚೆನ್ನಾಗಿರಲಿ, ಬಲ ಬರಲಿ ಅನ್ನುವ ಸಾಮಾನ್ಯ ಮನುಷ್ಯನಿಗೆ ವಾರಕ್ಕೆ ಮೂರು ನಾಲ್ಕು ದಿನ ಧಾರಾಳ ಸಾಕು.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ಮುಂದಿನ ಏಳು ದಿನ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ನಾಲ್ಕು ಮಾಡುತ್ತಿದ್ದರೆ ಎರಡು. ತೂಕ ಅಷ್ಟೇ ಇರಲಿ ಅಥವಾ ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿ. ಯಾವ ಸೆಟ್ಟನ್ನೂ ಕೈ ಸೋಲುವ ತನಕ ಎಳೆಯಬೇಡಿ, ಇನ್ನೂ ಮೂರು ನಾಲ್ಕು ಸಲ ಎತ್ತಬಹುದಿತ್ತು ಅನ್ನುವಾಗಲೇ ಕೆಳಗಿಡಿ. ಜೋರು ಓಟ, ಜಿಗಿತ, ಉಸಿರು ಕಟ್ಟುವ ಸರ್ಕ್ಯೂಟ್ ಯಾವುದೂ ಬೇಡ. ನಡೆಯಿರಿ, ಪೂರ್ತಿ ವಾಕ್ಯ ಮಾತಾಡಿಕೊಂಡು ನಡೆಯುವಷ್ಟು ವೇಗದಲ್ಲಿ. ಇದಕ್ಕೆ ಜಿಮ್‌ನವರು ಡೀಲೋಡ್ ಅನ್ನುತ್ತಾರೆ. ಸುಸ್ತು ತೀರಾ ಜಾಸ್ತಿ ಇದ್ದರೆ ಆ ವಾರ ಜಿಮ್‌ಗೆ ಹೋಗದೇ ಇದ್ದರೂ ನಷ್ಟ ಇಲ್ಲ.

ಮಾಡಿದ್ದೆಲ್ಲ ಕರಗಿಹೋಗುತ್ತದೆ ಅನ್ನುವ ಹೆದರಿಕೆ ನನಗೂ ಇತ್ತು. ಒಂದು ವಾರಕ್ಕೆ ಏನೂ ಕರಗುವುದಿಲ್ಲ. ಪೂರ್ತಿ ಬಿಟ್ಟರೂ ಎರಡು ಮೂರು ವಾರದವರೆಗೆ ಬಲ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಓಡುವವರ ದಮ್ಮು ಸ್ವಲ್ಪ ಬೇಗ ಇಳಿಯಬಹುದು, ಅದೂ ಮರಳಿ ಬರುತ್ತದೆ. ಕನ್ನಡಿಯಲ್ಲಿ ತೋಳು ಸಣ್ಣ ಕಂಡರೆ ಅದು ಸ್ನಾಯುವಿನೊಳಗಿನ ನೀರು ಮತ್ತು ಇಂಧನ ಕಡಿಮೆಯಾದದ್ದು, ಸ್ನಾಯು ಹೋದದ್ದಲ್ಲ.

ಈ ವಿಷಯದಲ್ಲಿ ಎಷ್ಟು ಬೇಗ ಎಚ್ಚೆತ್ತುಕೊಳ್ಳುತ್ತೀರೋ ಅಷ್ಟು ಒಳ್ಳೆಯದು, ಇದನ್ನು ಒತ್ತಿ ಹೇಳುತ್ತೇನೆ. 2013ರಲ್ಲಿ ಯುರೋಪಿಯನ್ ಕಾಲೇಜ್ ಆಫ್ ಸ್ಪೋರ್ಟ್ ಸೈನ್ಸ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೇರಿ ಹೊರಡಿಸಿದ ಹೇಳಿಕೆಯಲ್ಲಿ ಈ ದಣಿವನ್ನು ಮೂರು ಹಂತ ಮಾಡಿದ್ದಾರೆ. ಮೊದಲನೆಯದು ಕೆಲವು ದಿನದಿಂದ ಒಂದೆರಡು ವಾರದಲ್ಲಿ ಸರಿಹೋಗುತ್ತದೆ, ವಿಶ್ರಾಂತಿಯ ನಂತರ ಬಲವೂ ಏರುತ್ತದೆ. ಎರಡನೆಯದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಮೂರನೆಯದು ಓವರ್‌ಟ್ರೇನಿಂಗ್ ಸಿಂಡ್ರೋಮ್, ಅದಕ್ಕೆ ತಿಂಗಳುಗಳೇ ಬೇಕು. ಜಿಮ್‌ಗೆ ಹೋಗುವ ಸಾಮಾನ್ಯರು ಮೂರನೆಯದಕ್ಕೆ ಮುಟ್ಟುವುದು ಅಪರೂಪ. ಆದರೆ ಮೊದಲನೆಯದರಲ್ಲಿ ನಿಂತು, ಇನ್ನೂ ಗಟ್ಟಿಯಾಗಿ ಮಾಡುತ್ತೇನೆ ಅಂತ ಹೊರಟರೆ ಎರಡನೆಯದು ದೂರ ಇಲ್ಲ.

ಸುಮ್ಮನಿದ್ದ ವಾರದಲ್ಲೇ ಮೈ ಹಗುರಾದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಮರಳಿ ಶುರು ಮಾಡುವಾಗ ಮೊದಲಿನ ಪಟ್ಟಿಗೇ ಹೋಗಬೇಡಿ. ಆರು ದಿನ ಇದ್ದದ್ದು ನಾಲ್ಕಾಗಲಿ. ಒಂದೇ ಸ್ನಾಯುವಿಗೆ ಮತ್ತೆ ಕೈ ಹಾಕುವ ಮೊದಲು ಎರಡು ದಿನ ಬಿಡಿ. ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ನಿಜವಾಗಿಯೂ ಕೂರಿ, ಭಾರದ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಲ್ಲಂತೂ ಇದು ಬೇಕೇ ಬೇಕು. ದಿನದ ಕೊನೆಯ ಸೆಟ್ ಬಿಟ್ಟು ಉಳಿದೆಲ್ಲದರಲ್ಲೂ ಇನ್ನೂ ಒಂದೆರಡು ಸಲ ಎತ್ತಬಹುದು ಅನ್ನುವಾಗಲೇ ನಿಲ್ಲಿಸಿ. ತೂಕ, ಸೆಟ್, ದಿನ, ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಏರಿಸಿ. ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಇಂಥ ಹಗುರ ವಾರ ಇಟ್ಟುಕೊಳ್ಳಿ, ಸುಸ್ತಾಗುವವರೆಗೆ ಕಾಯಬೇಡಿ.

ನಿದ್ದೆ

ವಯಸ್ಕರಿಗೆ ಕನಿಷ್ಠ ಏಳು ಗಂಟೆ. ಇದು ಎಲ್ಲರಿಗೂ ಗೊತ್ತು, ಆದರೂ ನಿಮ್ಮ ಏಳು ದಿನದ ಪುಟ ತೆಗೆದು ಕೂಡಿಸಿ ನೋಡಿ. ನನಗೆ ಆರೂವರೆ ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಐದೂಮುಕ್ಕಾಲು. ಹಾಸಿಗೆಗೆ ಹೋದ ಹೊತ್ತನ್ನು ನಿದ್ದೆ ಹತ್ತಿದ ಹೊತ್ತು ಅಂತ ಎಣಿಸಿದ್ದೆ.

ಬೆಳಗ್ಗೆ ಐದಕ್ಕೆ ಜಿಮ್‌ಗೆ ಹೋಗುವವರು ಇದನ್ನು ಗಮನಿಸಬೇಕು. ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದು ಭಾರ ಎತ್ತುವುದು ಶಿಸ್ತಿನ ಹಾಗೆ ಕಾಣುತ್ತದೆ, ಆದರೆ ರಿಪೇರಿಗೆ ಬೇಕಾದ ಸಮಯವನ್ನೇ ಕಿತ್ತು ಕೆಡವುವ ಕೆಲಸಕ್ಕೆ ಕೊಟ್ಟ ಹಾಗಾಯಿತು ಅಲ್ವಾ? ಬೇಗ ಮಲಗಲು ಆಗದಿದ್ದರೆ ವಾರದಲ್ಲಿ ಒಂದೆರಡು ದಿನ ವ್ಯಾಯಾಮ ಬಿಟ್ಟು ಮಲಗಿ. ನಾನು ಹಾಗೆಯೇ ಮಾಡುತ್ತೇನೆ, ಅದರಿಂದ ಲಾಭವೇ ಆಗಿದೆ. ರಾತ್ರಿ ಹೊತ್ತು ಮಾಡುವವರು ಜೋರಾದ ವ್ಯಾಯಾಮಕ್ಕೂ ಹಾಸಿಗೆಗೂ ನಡುವೆ ಕನಿಷ್ಠ ಒಂದೆರಡು ಗಂಟೆ ಬಿಡಿ.

ಇನ್ನು ಕೆಫೀನ್. ಕುಡಿದ ಕೆಫೀನ್‌ನಲ್ಲಿ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ಪ್ರೀ-ವರ್ಕೌಟ್ ಪುಡಿ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಒಂದು ಚಮಚ ಪುಡಿಯಲ್ಲಿ 200 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಕೆಫೀನ್ ಇರುವ ಡಬ್ಬಿಗಳಿವೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮೇಲ್ಮಿತಿ ಅಂತ ಇಟ್ಟುಕೊಂಡಿದ್ದಾರೆ, ಗರ್ಭಿಣಿಯರಿಗೆ 200. ಡಬ್ಬಿಯ ಹಿಂಬದಿ ಓದಿ. ಕೆಫೀನ್ ಶಕ್ತಿ ಕೊಡುವುದಿಲ್ಲ, ಸುಸ್ತಾಗಿದೆ ಅಂತ ಮೆದುಳಿಗೆ ಹೇಳುವ ಅಡೆನೊಸಿನ್‌ನ ದಾರಿಗೆ ಅಡ್ಡ ನಿಲ್ಲುತ್ತದೆ. ಸುಸ್ತು ಅಲ್ಲೇ ಇರುತ್ತದೆ, ನಿಮಗೆ ಕೇಳಿಸುವುದಿಲ್ಲ, ಅಷ್ಟೇ. ಮುಂದಿನ ಎರಡು ವಾರ ಪುಡಿ ಪೂರ್ತಿ ಬಿಟ್ಟು, ಕಾಫಿ ಟೀ ಮಧ್ಯಾಹ್ನಕ್ಕೆ ಮುಗಿಸಿ ನೋಡಿ. ಮೊದಲ ಎರಡು ಮೂರು ದಿನ ತಲೆನೋವು ಬರಬಹುದು, ಅದು ಬಿಟ್ಟದ್ದರಿಂದ ಬರುವ ತಲೆನೋವು, ಹೋಗುತ್ತದೆ. ಜಾಸ್ತಿ ಕುಡಿಯುವ ಅಭ್ಯಾಸ ಇದ್ದರೆ ಒಮ್ಮೆಲೇ ನಿಲ್ಲಿಸದೆ ದಿನಾ ಸ್ವಲ್ಪ ಸ್ವಲ್ಪ ಇಳಿಸಿ.

ಮದ್ಯ ಕುಡಿದರೆ ನಿದ್ದೆ ಬೇಗ ಬಂದ ಹಾಗೆ ಅನಿಸಿದರೂ ನಡುರಾತ್ರಿ ಒಡೆಯುತ್ತದೆ. ವ್ಯಾಯಾಮದ ದಿನವಂತೂ ಬೇಡವೇ ಬೇಡ.

ಊಟ: ಕಡಿಮೆ ತಿನ್ನುತ್ತಿದ್ದೀರಾ?

ತೂಕ ಇಳಿಸಬೇಕು ಅಂತ ಜಿಮ್‌ಗೆ ಸೇರಿದವರು ಮಾಡುವುದೇನು ಗೊತ್ತಾ? ವ್ಯಾಯಾಮ ಜಾಸ್ತಿ ಮಾಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ, ಎರಡನ್ನೂ ಒಂದೇ ಸೋಮವಾರ ಶುರು ಮಾಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಮೊದಲ ಮೂರು ವಾರ ಹುರುಪಿರುತ್ತದೆ. ಆಮೇಲೆ ದೇಹ ಉಳಿತಾಯಕ್ಕೆ ಇಳಿಯುತ್ತದೆ: ಕೈಕಾಲು ತಣ್ಣಗೆ, ತಲೆ ಮಂಕು, ಕೂತರೆ ಏಳುವ ಮನಸ್ಸಿಲ್ಲ.

ಭಾರ ಎತ್ತುವಾಗ ಉರಿಯುವ ಮುಖ್ಯ ಇಂಧನ ಗ್ಲೈಕೋಜನ್, ಅಂದರೆ ಕಾರ್ಬೊಹೈಡ್ರೇಟ್ ಊಟದಿಂದ ಬಂದ ಸಕ್ಕರೆಯನ್ನು ದೇಹ ಕಟ್ಟಿಟ್ಟುಕೊಂಡದ್ದು. ಸುಮಾರು 400 ಗ್ರಾಂ ಸ್ನಾಯುಗಳಲ್ಲಿ, 100 ಗ್ರಾಂ ಲಿವರ್‌ನಲ್ಲಿ, ಅಷ್ಟೇ ಜಾಗ. ಚೆನ್ನಾಗಿ ಖರ್ಚಾದರೆ ಮತ್ತೆ ತುಂಬಲು ಒಂದು ದಿನ ಹತ್ತಿರ ಬೇಕು, ಅದೂ ತಿಂದರೆ ಮಾತ್ರ. ಕಾರ್ಬ್ಸ್ ಬಿಟ್ಟುಬಿಟ್ಟೆ ಅನ್ನುವವರು ದಿನಾ ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಡಿ ಹೊರಡಿಸುತ್ತಿದ್ದಾರೆ. ಧಾನ್ಯ, ಗೆಡ್ಡೆ, ಹಣ್ಣು, ಕಾಳು, ಯಾವುದಾದರೂ ಸರಿ, ದಿನಕ್ಕೆ ಒಂದು ಕೆಜಿ ಮೈತೂಕಕ್ಕೆ 3ರಿಂದ 5 ಗ್ರಾಂ ಕಾರ್ಬೊಹೈಡ್ರೇಟ್ ಸಿಗುವ ಹಾಗೆ ನೋಡಿಕೊಳ್ಳಿ. ಮೈತೂಕ 60 ಕೆಜಿ ಇದ್ದರೆ 180ರಿಂದ 300 ಗ್ರಾಂ. ಪದಾರ್ಥದ ತೂಕ ಅಲ್ಲ, ಅದರೊಳಗಿನ ಕಾರ್ಬೊಹೈಡ್ರೇಟ್ ತೂಕ. ಸಕ್ಕರೆ ಕಾಯಿಲೆ ಇರುವವರು ಈ ಲೆಕ್ಕವನ್ನು ಡಾಕ್ಟರ ಜೊತೆ ಕೂತು ಮಾಡಿಕೊಳ್ಳಿ.

ಪ್ರೋಟೀನ್ ಕೆಜಿಗೆ 1.2ರಿಂದ 2 ಗ್ರಾಂ ನಡುವೆ ಇದ್ದರೆ ಸಾಕು, ಹೆಚ್ಚಿನವರಿಗೆ 1.6 ಒಳ್ಳೆಯ ಗುರಿ. 60 ಕೆಜಿ ಮೈತೂಕಕ್ಕೆ 96 ಗ್ರಾಂ ಆಯಿತು. ಮೂರು ನಾಲ್ಕು ಊಟಕ್ಕೆ ಹಂಚಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಕೇಳದೆ ಏರಿಸಬಾರದು. ಪ್ರೋಟೀನ್ ಪುಡಿ ಬೇಕೇ ಬೇಕು ಅಂತಿಲ್ಲ, ಊಟದಲ್ಲಿ ಸಾಲದಿದ್ದವರಿಗೆ ಅದು ಸುಲಭ ದಾರಿ, ಬೇರೇನೂ ಮಹಿಮೆ ಇಲ್ಲ.

ತೂಕ ಇಳಿಸುತ್ತಿದ್ದರೆ ದಿನಕ್ಕೆ 300ರಿಂದ 500 ಕ್ಯಾಲೊರಿ ಮಾತ್ರ ಕಡಿಮೆ ಮಾಡಿ. ಸುಸ್ತು ಜೋರಾಗಿರುವ ಈ ಎರಡು ವಾರ ಅದೂ ಬೇಡ, ಹೊಟ್ಟೆ ತುಂಬ ತಿನ್ನಿ. ಜಿಮ್‌ಗೆ ಎರಡು ಮೂರು ಗಂಟೆ ಮೊದಲು ಸರಿಯಾದ ಊಟ ಇರಲಿ. ಆಗದಿದ್ದರೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣಾದರೂ ತಿನ್ನಿ. ಮುಗಿಸಿ ಬಂದ ಮೇಲೆ ಮುಂದಿನ ಊಟವನ್ನು ತಳ್ಳಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ವ್ಯಾಯಾಮ, ಡಯಟ್ ಎರಡೂ ನಡೆಯುತ್ತಿರುವಾಗ ಮುಟ್ಟು ಏರುಪೇರಾದರೆ, ಮೂರು ತಿಂಗಳು ನಿಂತೇಹೋದರೆ, ಒಳ್ಳೆಯದೇ ಆಯಿತು ಅಂತ ಬಿಡಬೇಡಿ. ಖರ್ಚಿಗೆ ತಕ್ಕ ಊಟ ಬರುತ್ತಿಲ್ಲ ಅಂತ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಿದೆ ಅಂತ ಅದರ ಅರ್ಥ ಇರಬಹುದು, ಹೀಗೇ ಮುಂದುವರಿದರೆ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಅದು ಗಂಡಸರಿಗೂ ಆಗುತ್ತದೆ, ಅವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಒಂದು ಸೂಚನೆ.

ನೀರು, ಉಪ್ಪು

ಇದು ಸುಲಭ. ಜಿಮ್‌ಗೆ ಮೊದಲು ಒಮ್ಮೆ, ಆಮೇಲೆ ಬೆವರು ಒರೆಸಿಕೊಂಡು ಒಮ್ಮೆ ತೂಕ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಹೋಗಿದೆ. ಮೈತೂಕದ ನೂರಕ್ಕೆ ಎರಡರಷ್ಟು ಹೋದರೆ ಆಟ, ಓಟ ಎಲ್ಲ ಕುಗ್ಗುತ್ತದೆ. ಅದನ್ನು ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನಕ್ಕೆ ಕುಡಿದು ತುಂಬಿಕೊಳ್ಳಿ. ಬಟ್ಟೆ ಮೇಲೆ ಬಿಳಿ ಗೆರೆ ಬೀಳುವಷ್ಟು ಬೆವರುವವರು ಊಟದಲ್ಲಿ ಉಪ್ಪನ್ನು ತೀರಾ ಕಡಿಮೆ ಮಾಡಿದ್ದರೆ ಅದನ್ನೂ ಯೋಚಿಸಿ, ಬಿಪಿ ಇದ್ದರೆ ಡಾಕ್ಟರನ್ನು ಕೇಳಿ. ನೀರು ಒಳ್ಳೆಯದು ಅಂತ ಬಿಂದಿಗೆಗಟ್ಟಲೆ ಕುಡಿಯುವುದೂ ತಪ್ಪು, ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗುತ್ತದೆ.

ಜಿಮ್‌ನ ಹೊರಗೆ ಏನು ನಡೆಯುತ್ತಿದೆ?

ದೇಹ ಎಲ್ಲ ಒತ್ತಡವನ್ನೂ ಒಂದೇ ಖಾತೆಯಿಂದ ತೀರಿಸುತ್ತದೆ. ನೈಟ್ ಶಿಫ್ಟ್, ಪರೀಕ್ಷೆ, ರಾತ್ರಿಯಿಡೀ ಏಳುವ ಎಳೆಮಗು, ಮನೆಯಲ್ಲಿ ಕಾಯಿಲೆಯವರು, ಸಾಲದ ಚಿಂತೆ, ಇವೆಲ್ಲ ಬಾರ್‌ಬೆಲ್ ಮೇಲೆ ಕಾಣದ ಪ್ಲೇಟ್‌ಗಳೇ. ಹಿಂದಿನ ವರ್ಷ ಸಲೀಸಾಗಿ ಆಗುತ್ತಿದ್ದ ಪಟ್ಟಿ ಈ ವರ್ಷ ಹಣ್ಣುಗಾಯಿ ಮಾಡಿದರೆ ನಿಮ್ಮಲ್ಲಿ ತಪ್ಪು ಹುಡುಕಬೇಡಿ. ಅಂಥ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ನಲವತ್ತು ನಿಮಿಷ. ಇದ್ದ ಬಲ ಉಳಿಸಿಕೊಳ್ಳಲು ಅಷ್ಟು ಸಾಕು. ಹೆಚ್ಚಿಸುವ ಯೋಚನೆ ಆಮೇಲೆ.

ಜ್ವರ ಇದ್ದಾಗ ವ್ಯಾಯಾಮ ಬೇಡ. ಬೆವರಿಸಿ ಜ್ವರ ಬಿಡಿಸುತ್ತೇನೆ ಅನ್ನುವುದು ಅಪಾಯದ ಮಾತು, ಕೆಲವು ವೈರಸ್ ಸೋಂಕುಗಳಲ್ಲಿ ಹೃದಯದ ಸ್ನಾಯುವೂ ಊದಿಕೊಂಡಿರಬಹುದು. ವಾಸಿಯಾದ ಮೇಲೂ ಮೊದಲ ವಾರ ಅರ್ಧದಷ್ಟರಿಂದ ಶುರು ಮಾಡಿ. ವೈರಲ್ ಜ್ವರದ ನಂತರ ಒಂದು ಥರದ ಸುಸ್ತು ಬರುತ್ತದೆ, ಅದನ್ನು ಗುರುತಿಸುವುದು ಮುಖ್ಯ: ಮಾಡುವಾಗ ಏನೂ ಅನ್ನಿಸುವುದಿಲ್ಲ, ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿಸುತ್ತದೆ, ತಲೆ ಓಡುವುದಿಲ್ಲ, ಮೈಯೆಲ್ಲ ನೋವು, ಪ್ರತಿ ಸಲವೂ ಹೀಗೇ. ಇದು ಅಭ್ಯಾಸವಾದರೆ ಹೋಗುವ ಸುಸ್ತಲ್ಲ. ಇಲ್ಲಿ ಹಟ ಹಿಡಿದು ಮಾಡಿದಷ್ಟೂ ಕೆಡುತ್ತದೆ. ಜಿಮ್ ನಿಲ್ಲಿಸಿ, ಡಾಕ್ಟರಿಗೆ ಇದನ್ನೇ ಇದ್ದ ಹಾಗೆ ಹೇಳಿ.

ಎರಡು ಮೂರು ವಾರವಾದರೂ ಬದಲಾವಣೆ ಇಲ್ಲವಾ?

ಭಾರ ಇಳಿಸಿದ್ದೀರಿ, ನಿದ್ದೆ, ಊಟ ಸರಿಮಾಡಿದ್ದೀರಿ, ಬರೆದಿಟ್ಟಿದ್ದೀರಿ, ಆದರೂ ಬೆಳಗ್ಗೆ ಏಳುವುದು ಕಷ್ಟ. ಹಾಗಿದ್ದರೆ ಕಾರಣ ಜಿಮ್‌ನ ಹೊರಗೂ ಇರಬಹುದು, ರಕ್ತ ಪರೀಕ್ಷೆ ಮಾಡಿಸುವ ಸಮಯ ಬಂದಿದೆ. ಮೊದಲಿಗೆ ಸಾಮಾನ್ಯವಾಗಿ ನೋಡುವುದು ರಕ್ತಕಣಗಳ ಪೂರ್ತಿ ಎಣಿಕೆ, ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ವಿಟಮಿನ್ ಬಿ12, ವಿಟಮಿನ್ ಡಿ, ಜೊತೆಗೆ ಕಿಡ್ನಿ ಮತ್ತು ಲಿವರ್. ಪರೀಕ್ಷೆಗೆ ಎರಡು ಮೂರು ದಿನ ಮೊದಲು ಜೋರು ವ್ಯಾಯಾಮ ಬೇಡ, ಸ್ನಾಯುವಿನಿಂದ ಬರುವ ಕೆಲವು ಕಿಣ್ವಗಳು ಏರಿ ಲಿವರ್ ರಿಪೋರ್ಟ್ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ವ್ಯಾಯಾಮ ಮಾಡುತ್ತೇನೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಫೆರಿಟಿನ್ ಬಗ್ಗೆ ಎರಡು ಮಾತು. ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆದರೆ ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರು, ಮಾಂಸ ತಿನ್ನದವರು, ಪದೇ ಪದೇ ರಕ್ತದಾನ ಮಾಡುವವರು ಇದನ್ನು ಕೇಳಿ ಮಾಡಿಸಿಕೊಳ್ಳಿ. ಹಾಗಂತ ರಿಪೋರ್ಟ್ ಇಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ. ದೇಹದಲ್ಲಿ ಕಬ್ಬಿಣ ಜಾಸ್ತಿ ಸೇರಿಕೊಳ್ಳುವ ಕಾಯಿಲೆಯೂ ಇದೆ, ಅದರಲ್ಲೂ ಸುಸ್ತೇ ಆಗುತ್ತದೆ.

ಡಾಕ್ಟರಿಗೆ ಹೇಳಲು ಮರೆಯುವ ವಿಷಯಗಳೂ ಇವೆ. ಜೋರಾಗಿ ಗೊರಕೆ ಹೊಡೆಯುತ್ತೀರಿ, ಉಸಿರು ನಿಂತ ಹಾಗಾಗುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದ್ದರೆ, ಅದು. ದಿನಾ ತಗೊಳ್ಳುವ ಮಾತ್ರೆಗಳು: ಅಲರ್ಜಿಯದ್ದು, ಬಿಪಿಯ ಬೀಟಾ ಬ್ಲಾಕರ್, ಕೊಲೆಸ್ಟ್ರಾಲ್‌ನ ಸ್ಟ್ಯಾಟಿನ್, ಕೆಲವರಿಗೆ ಇವುಗಳಿಂದ ಮಂಕು, ಸುಸ್ತು ಅಥವಾ ಮೈಕೈ ನೋವು ಬರುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಈಗ ಮನಸ್ಸಿಲ್ಲ, ಬೆಳಗಾದರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತದೆ ಅಂದರೆ ಅದನ್ನೂ ಬಾಯಿಬಿಟ್ಟು ಹೇಳಿ. ಖಿನ್ನತೆ ಎಷ್ಟೋ ಸಲ ಬರುವುದೇ ಮೈ ಸುಸ್ತಿನ ರೂಪದಲ್ಲಿ.

ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಎಷ್ಟು ದಿನದಿಂದ ಸುಸ್ತು ಅಂತ ಕೇಳಿದಾಗ "ತುಂಬಾ ದಿನದಿಂದ" ಅನ್ನುವ ಬದಲು ಪುಟ ತೆರೆದು ತೋರಿಸಬಹುದು: ಈ ವಾರ ಇಷ್ಟು ನಿದ್ದೆ, ನಾಡಿ ಇಷ್ಟು, ಇದೇ ತೂಕ ಆಗ ಎಂಟು ಸಲ, ಈಗ ಐದು ಸಲ.